ಜ್ವರದ ತಾರೀಖು

ಆ ವರ್ಷ ಆರೋಗ್ಯ ಇಲಾಖೆಯ ಭಾರತಿ ಸುಣಗಾರ ರಕ್ತ ತೆಗೆಯಲು ಹೋದ ಏಳನೆಯ ನಡುಗಡ್ಡೆ ಹಂಚಿನಗಡ್ಡೆ. ಕೃಷ್ಣಾ ನದಿ ಅಲ್ಲಿ ಎರಡಾಗಿ ಸೀಳಿ, ಎರಡು ಮೈಲಿ ಹರಿದು ಮತ್ತೆ ಒಂದಾಗುತ್ತದೆ. ನಡುವಿನ ನೆಲದ ಮೇಲೆ ಒಂಬೈನೂರ ಹನ್ನೆರಡು ಜನ. ೨೦೪೬ನೇ ಇಸವಿ ಬಂದಿತ್ತು, ಸೇತುವೆ ಬಂದಿರಲಿಲ್ಲ. ಹರಗೋಲಿನಲ್ಲಿ ಕುಕ್ಕರುಗಾಲಲ್ಲಿ ಕೂತು, ಯಂತ್ರದ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ದಾಟುವಾಗ ಅವಳಿಗೆ ತಲೆಯೆತ್ತಿ ಹೊಳೆ ನೋಡಬೇಕೆಂದೂ ಅನ್ನಿಸಲಿಲ್ಲ. ಐವತ್ತಮೂರು ವರ್ಷ ವಯಸ್ಸು, ಎರಡೂ ಮೊಣಕಾಲಲ್ಲಿ ನೋವು. ಹೊರಡುವಾಗ ರಾಯಚೂರಿನ ಮನೆಯಲ್ಲಿ ಗಂಡ "ಈ ಸಲ ಎಷ್ಟು ದಿನ?" ಎಂದು ಕೇಳಿದ್ದ. ಉತ್ತರಕ್ಕೆ ಕಾಯದೆ ಒಬ್ಬನಿಗೆ ಸಾಲುವಷ್ಟು ಅಕ್ಕಿ ಅಳೆದಿದ್ದ.

ಹಿಂದಿನ ವರ್ಷ ಮಳೆಗಾಲದಲ್ಲಿ ನದಿಯ ಎರಡೂ ದಂಡೆಗೆ ಕೀಲುಜ್ವರ ಹಬ್ಬಿತ್ತು. ಸೊಳ್ಳೆಯಿಂದ ಹರಡುವ ವೈರಸ್. ಜ್ವರ ನಾಲ್ಕು ದಿನಕ್ಕೆ ಇಳಿಯುತ್ತಿತ್ತು; ಕೀಲುನೋವು ತಿಂಗಳುಗಟ್ಟಲೆ ಇರುತ್ತಿತ್ತು; ಮುದುಕರಲ್ಲಿ, ಹಸುಗೂಸುಗಳಲ್ಲಿ ಕೆಲವರನ್ನು ಅದು ಉಳಿಸುತ್ತಿರಲಿಲ್ಲ. ಹಂಚಿನಗಡ್ಡೆಯಲ್ಲಿ ಒಂಬತ್ತು ಜನ ಸತ್ತಿದ್ದರು. ಆಸ್ಪತ್ರೆಯ ದಾಖಲೆಯಲ್ಲಿ ಜ್ವರ ಬಂದವರು ನೂರಾ ನಾಲ್ಕು. ಆ ನೂರಾ ನಾಲ್ಕನ್ನು ಯಾರೂ ನಂಬುವಂತಿರಲಿಲ್ಲ. ಲಸಿಕೆ ಈಗಷ್ಟೇ ಬಂದಿತ್ತು, ಎಲ್ಲರಿಗೂ ಸಾಲುವಷ್ಟು ಇರಲಿಲ್ಲ. ಸೋಂಕು ಎಷ್ಟು ಜನರನ್ನು ಮುಟ್ಟಿದೆ, ಯಾರನ್ನು ಮುಟ್ಟಿಲ್ಲ ಎಂದು ತಿಳಿದರೆ, ಮುಟ್ಟದವರಿಗೆ ಮಾತ್ರ ಸೂಜಿ ಹಾಕಬಹುದು. ಭಾರತಿ ಬಂದದ್ದು ಆ ಲೆಕ್ಕಕ್ಕೆ.

ಅವಳ ಜೊತೆ ದಂಡೆಯ ಆರೋಗ್ಯ ಕೇಂದ್ರದ ನರ್ಸು ಶಾಹೀನಾ ಇದ್ದಳು. ಊರ ಹಿರಿಯ ಅಮರೇಗೌಡರು ಎದುರು ಬಂದು, ಶಾಲೆಯ ಎರಡು ಕೋಣೆ ಬಿಡಿಸಿಕೊಟ್ಟು, ಡಂಗುರ ಹೊಡೆಸಿದರು. ಮೊದಲು ತಾವೇ ಬೆರಳು ಚಾಚಿದರು.

"ನಮ್ಮ ಮನಿಯಾಕಿ ಗುರುಬಸಮ್ಮ ಹ್ವಾದ ವರ್ಷ ಇದ ಜ್ವರದಾಗ ಹೋದ್ಳು ಡಾಕ್ಟ್ರಮ್ಮ," ಅಂದರು. "ನನಗ ಒಂದಿನಾನೂ ಮೈ ಬಿಸಿ ಆಗಲಿಲ್ಲ. ಆದ್ರೂ ತಗೋರಿ. ನಾ ಕೊಟ್ರ ಉಳಿದವ್ರೂ ಕೊಡ್ತಾರ."

ಹಾಗೇ ಆಯಿತು. ಸಂಜೆಯೊಳಗೆ ನೂರಾ ಮೂವತ್ತು ಜನ ಸಾಲು ನಿಂತು ರಕ್ತ ಕೊಟ್ಟರು.

ಜನ ಆ ಯಂತ್ರವನ್ನು ಎರಡೇ ದಿನದಲ್ಲಿ ತಾರೀಖಿನ ಪೆಟ್ಟಿಗೆ ಎಂದು ಕರೆಯತೊಡಗಿದರು. ಹೆಸರು ತಪ್ಪಲ್ಲ. ವೈರಸ್ ಮೈಗೆ ಬಂದು ಹೋದ ಮೇಲೂ, ಅದನ್ನು ಹಿಡಿಯಲು ದೇಹ ತಯಾರಿಸಿದ ಪ್ರತಿಕಾಯಗಳು ರಕ್ತದಲ್ಲಿ ಉಳಿಯುತ್ತವೆ. ಹಳೆಯ ಯಂತ್ರಗಳು ಅವು ಇವೆಯೋ ಇಲ್ಲವೋ ಎಂದಷ್ಟೇ ಹೇಳುತ್ತಿದ್ದವು. ಆದರೆ ಹೊಸದಾಗಿ ಹುಟ್ಟಿದ ಪ್ರತಿಕಾಯದ ಹಿಡಿತ ಸಡಿಲ. ವಾರ ಕಳೆದಂತೆ ಅದು ಬಿಗಿಯಾಗುತ್ತ ಹೋಗುತ್ತದೆ. ಈ ಪೆಟ್ಟಿಗೆ ಆ ಬಿಗಿಯನ್ನು ಅಳೆಯುತ್ತಿತ್ತು. ಎರಡು ವರ್ಷ ಹಳೆಯ ಸೋಂಕನ್ನೂ ಯಾವ ವಾರದ್ದೆಂದು ಹೇಳುತ್ತಿತ್ತು. ಒಂದು ಹನಿ ರಕ್ತ, ನಲವತ್ತು ನಿಮಿಷ. ತಪ್ಪಿದರೆ ಒಂದು ವಾರ ಆಚೀಚೆ.

ಮನೆಪಟ್ಟಿಯಲ್ಲಿ ಒಂದನೆಯ ನಂಬರಿನ ಮನೆಯವರು ಶಾಲೆಗೆ ಬರಲಿಲ್ಲ. ಮೂರನೆಯ ದಿನ ಭಾರತಿ ತಾನೇ ಹೊರಟಳು. ಗಡ್ಡೆಯ ಮೇಲ್ತುದಿಯಲ್ಲಿ, ನೀರು ಸೀಳುವ ಬಂಡೆಗಳ ಹತ್ತಿರ ಒಂಟಿ ಮನೆ. ಅಲ್ಲಿಗೆ ಹೋಗುವ ದಾರಿಯ ಮೇಲೆ ಮೊಣಕಾಲುದ್ದ ಹುಲ್ಲು ಬೆಳೆದಿತ್ತು. ಶಾಹೀನಾ ಅರ್ಧದಲ್ಲೇ ನಿಂತಳು.

"ಮೇಡಂ, ಆ ಮನೀಗೆ ಯಾರೂ ಹೋಗಂಗಿಲ್ಲಂತ. ಜ್ವರ ತಂದಾಕಿ ಅಕೀನ ಅಂತಾರ."

"ನೀನೂ ಅಂತೀಯೇನು?"

"ನಾ ಅನ್ನಂಗಿಲ್ಲ. ಆದ್ರ ನಾಳೆ ನಮ್ಮ ಹತ್ರ ರಕ್ತ ಕೊಡಾಕ ಜನ ಬರ್ಲಿಲ್ಲಂದ್ರ?"

ಭಾರತಿಗೆ ವಾದ ಮಾಡುವ ಶಕ್ತಿ ಇರಲಿಲ್ಲ. ನಡೆದಳು. ಸ್ವಲ್ಪ ಹೊತ್ತಿಗೆ ಶಾಹೀನಾಳ ಚಪ್ಪಲಿ ಸದ್ದೂ ಹಿಂದೆ ಕೇಳಿಸಿತು.

ಮನೆಯಲ್ಲಿದ್ದವಳು ತಾಯಮ್ಮ. ನಲವತ್ತಾರು ವರ್ಷ, ಮಕ್ಕಳಿಲ್ಲದ ವಿಧವೆ. ಗಂಡ ಸತ್ತ ಮೇಲೆ ಇಪ್ಪತ್ತು ವರ್ಷ ಹರಗೋಲು ಹಾಕಿ ಊರನ್ನು ದಾಟಿಸಿದವಳು. ಬಾಣಂತಿಯರನ್ನು, ಪರೀಕ್ಷೆಗೆ ಹೋಗುವ ಮಕ್ಕಳನ್ನು, ಹೆಣಗಳನ್ನು. ಹಿಂದಿನ ವರ್ಷ ಆಚೆ ದಂಡೆಯ ಅಕ್ಕನ ಊರಿಗೆ ಹೋಗಿ ನಾಗರಪಂಚಮಿಯ ಹೊತ್ತಿಗೆ ಮೈತುಂಬ ಜ್ವರ ಇಟ್ಟುಕೊಂಡು ವಾಪಸು ಬಂದಿದ್ದಳು. ಆಮೇಲಿನ ವಾರದಲ್ಲೇ ಊರಲ್ಲಿ ಜನ ಒಬ್ಬರ ಹಿಂದೊಬ್ಬರು ಮಲಗಿದರು. ಪಂಚಾಯಿತಿ ಕೂಡಿತು. ಅವಳ ಹರಗೋಲಿಗೆ ಯಾರೂ ಹತ್ತಬಾರದು, ಅವಳು ಊರ ಬಾವಿಗೆ ಬರಬಾರದು, ಅವಳ ಮನೆಗೆ ಯಾರೂ ಹೋಗಬಾರದು ಎಂದಾಯಿತು. ಹಾಗೆ ಹೇಳಿದವರು ಹೆಂಡತಿಯನ್ನು ಮಣ್ಣು ಮಾಡಿ ನಾಲ್ಕು ದಿನವಾಗಿದ್ದ ಅಮರೇಗೌಡರು.

ಇದೆಲ್ಲ ಭಾರತಿಗೆ ತಿಳಿದದ್ದು ಆಮೇಲೆ. ಆ ದಿನ ತಾಯಮ್ಮ ಅಂಗಳದಲ್ಲಿ ಎದ್ದು ನಿಂತು, ಬಂದವರಿಬ್ಬರನ್ನೂ ನೋಡಿದಳು.

"ದಾರಿ ತಪ್ಪಿ ಬಂದೀರೇನು?"

"ಇಲ್ಲ. ರಕ್ತ ಬೇಕಾಗಿತ್ತು."

"ನಂದೂ ಬೇಕೇನು?" ಅಂದಳು. ಕೈ ತೊಳೆದುಕೊಂಡು ಬಂದು ಬೆರಳು ಕೊಟ್ಟಳು. ಸೂಜಿ ಚುಚ್ಚಿದ್ದು ಅವಳಿಗೆ ಗೊತ್ತಾಯಿತೋ ಇಲ್ಲವೋ, ಕಣ್ಣು ಭಾರತಿಯ ಮುಖದ ಮೇಲೇ ಇತ್ತು. "ಊಟ ಆಗೇತೇನ್ರಿ? ರೊಟ್ಟಿ ಬಡೀತೀನಿ. ಎರಡು ನಿಮಿಷ."

ಎರಡು ನಿಮಿಷ ಒಂದು ತಾಸಾಯಿತು. ಜೋಳದ ರೊಟ್ಟಿ, ಪುಂಡಿಪಲ್ಯ, ಹಸಿ ಉಳ್ಳಾಗಡ್ಡಿ. ಬಡಿಸುತ್ತ ತಾಯಮ್ಮ ಬಾಯಿ ಮುಚ್ಚಲಿಲ್ಲ. ಹೊಳೆ ಎಲ್ಲಿ ಆಳ, ಎಲ್ಲಿ ಸುಳಿ, ಗಾಳಿ ಎತ್ತಕಡೆಯಿಂದ ಬಂದರೆ ಹರಗೋಲು ಹೇಗೆ ತಿರುಗುತ್ತದೆ, ಎಲ್ಲ ಹೇಳಿದಳು. ಎದ್ದು ಹೊರಟಾಗ, "ನಾಳೆನೂ ಬರ್ರಿ," ಅಂದಳು. ಅದನ್ನು ಕೇಳಿದ ರೀತಿಗೆ ಭಾರತಿಗೆ ಇಲ್ಲವೆನ್ನಲಾಗಲಿಲ್ಲ. ಆಮೇಲೆ ದಿನಾ ಮಧ್ಯಾಹ್ನದ ಊಟ ಅಲ್ಲೇ. ಊರವರು ನೋಡಿದರು, ಏನೂ ಅನ್ನಲಿಲ್ಲ. ಸರ್ಕಾರದವರು ಹೇಗಿದ್ದರೂ ಹೊರಗಿನವರು.

ಹನ್ನೊಂದನೆಯ ದಿನ ಬೆಳಗ್ಗೆ ಲೆಕ್ಕ ಮುಗಿಯಿತು. ಕೂಸುಗಳನ್ನೂ ಊರಲ್ಲಿಲ್ಲದವರನ್ನೂ ಬಿಟ್ಟು ಎಂಟುನೂರ ಅರವತ್ತೊಂದು ಜನ ರಕ್ತ ಕೊಟ್ಟಿದ್ದರು. ಅದರಲ್ಲಿ ಆರುನೂರ ಎಪ್ಪತ್ತೆರಡು ಜನರಿಗೆ ಸೋಂಕಿನ ಗುರುತಿತ್ತು. ನೂರಕ್ಕೆ ಎಪ್ಪತ್ತೆಂಟು. ಆಸ್ಪತ್ರೆಗೆ ಗೊತ್ತಿದ್ದ ಒಬ್ಬೊಬ್ಬ ರೋಗಿಗೂ ಗೊತ್ತಿಲ್ಲದವರು ಐದಾರು ಜನ. ಹೆಚ್ಚಿನವರಿಗೆ ಮೈ ಕೂಡ ಬೆಚ್ಚಗಾಗಿರಲಿಲ್ಲ.

ಶಾಲೆಯ ಕರಿಹಲಗೆಯ ಕೆಳಗೆ ಕೂತು ಭಾರತಿ ವಾರಗಳ ಪಟ್ಟಿ ಮಾಡಿದಳು. ಪಂಚಮಿಯ ವಾರ ಬರುವ ಹೊತ್ತಿಗೆ ಸೋಂಕು ಆಗಲೇ ನೂರಾ ತೊಂಬತ್ತು ಜನರನ್ನು ದಾಟಿತ್ತು. ಅದು ಶುರುವಾದದ್ದು ಅದಕ್ಕೂ ಏಳು ವಾರ ಮೊದಲು, ಕಾರಹುಣ್ಣಿಮೆಯ ವಾರ. ಆ ವಾರದಲ್ಲಿ ಒಂದೇ ಒಂದು ನಂಬರ್ ಇತ್ತು. ಮುಂದಿನ ಎರಡು ವಾರ ಖಾಲಿ. ಅದರ ಮುಂದಿನ ವಾರದಲ್ಲಿ ಆ ನಂಬರಿನವರ ಮನೆಯ ಸುತ್ತಿನ ನಾಲ್ಕು ಮನೆ, ಆಮೇಲೆ ಓಣಿ, ಆಮೇಲೆ ಊರು.

ಯಾವ ನಂಬರು ಯಾರದ್ದು ಎಂಬ ಪಟ್ಟಿ ಅವಳ ಹತ್ತಿರ ಮಾತ್ರ ಇತ್ತು. ವರದಿಗೆ ಹೆಸರು ಬೇಕಿರಲಿಲ್ಲ. ನೋಡಬಾರದಿತ್ತು. ನೋಡಿದಳು. ಅಮರೇಗೌಡರು.

ಒಂದನೆಯ ನಂಬರಿನ ಮನೆಯದ್ದನ್ನೂ ನೋಡಿದಳು. ಯಂತ್ರ ಎರಡು ಸಲ ಪರೀಕ್ಷೆ ಮಾಡಿ ಎರಡು ಸಲವೂ ಒಂದೇ ಉತ್ತರ ಕೊಟ್ಟಿತ್ತು: ಗುರುತಿಲ್ಲ. ತಾಯಮ್ಮನಿಗೆ ಕೀಲುಜ್ವರ ಬಂದೇ ಇರಲಿಲ್ಲ.

ಲೆಕ್ಕ ಮುಗಿದ ಸುದ್ದಿ ತಿಳಿದು ಜಿಲ್ಲೆಯ ಅಧಿಕಾರಿಯೊಬ್ಬರು ಫೋನು ಮಾಡಿದರು. "ಮೊದಲ ರೋಗಿ ಯಾರು ಅಂತ ಗೊತ್ತಾಗಿರ್ಬೇಕಲ್ಲ. ಹೆಸರು ಕಳಿಸಿ. ಮೇಲಿನವರು ಕೇಳ್ತಾರೆ."

"ವಾರ ಕಳಿಸ್ತೀನಿ ಸರ್. ಹೆಸರು ಕಳಿಸೋಕೆ ನಿಯಮ ಇಲ್ಲ."

"ನಿಯಮ ನಮಗೆ ಗೊತ್ತಿಲ್ವಾ?"

"ಗೊತ್ತಿದ್ದರೆ ಒಳ್ಳೇದು ಸರ್," ಅಂದು ಫೋನು ಇಟ್ಟಳು. ಅವಳಿಗೆ ಹೆದರಿಕೆಯೂ ಆಗಲಿಲ್ಲ. ವರ್ಗ ಮಾಡಿದರೆ ಮಾಡಲಿ, ಮೊಣಕಾಲಿಗಾದರೂ ವಿಶ್ರಾಂತಿ ಸಿಗುತ್ತದೆ ಎಂದುಕೊಂಡಳು. ಜನರಿಗೆ ಕೊಡುವ ಚೀಟಿಯಲ್ಲಿ ವಾರ ಹಾಕಬೇಡ, ಗುರುತು ಇದೆ ಅಥವಾ ಇಲ್ಲ ಎಂದಷ್ಟೇ ಬರಿ ಎಂದು ಶಾಹೀನಾಳಿಗೆ ಹೇಳಿದಳು. ತಾರೀಖು ಕೊಟ್ಟರೆ ಅರ್ಧ ತಾಸಿನಲ್ಲಿ ಕಟ್ಟೆಯ ಮೇಲೆ ಕೂತು ಎಲ್ಲ ಹೋಲಿಸಿ ನೋಡುತ್ತಾರೆ. ಆಮೇಲೆ ಇನ್ನೊಂದು ಮನೆಯ ದಾರಿಯಲ್ಲಿ ಹುಲ್ಲು ಬೆಳೆಯುತ್ತದೆ.

ತಾಯಮ್ಮನ ಚೀಟಿಯನ್ನು ಅವಳೇ ಒಯ್ದಳು. ತಾಯಮ್ಮ ಒಲೆಯ ಮುಂದೆ ಇದ್ದಳು.

"ತಾಯಮ್ಮ, ನಿಮಗ ಆ ಜ್ವರ ಬಂದೇ ಇಲ್ಲ."

ರೊಟ್ಟಿ ಬಡಿಯುತ್ತಿದ್ದ ಕೈ ನಿಂತಿತು. "ಬಂದಿತ್ತಲ್ರಿ. ಹತ್ತು ದಿನ ಮಲಗಿದ್ದೆ."

"ಅದು ಬೇರೆ ಜ್ವರ. ಟೈಫಾಯಿಡ್ ಇರಬಹುದು. ಈ ವೈರಸ್ ನಿಮ್ಮ ಮೈ ಹೊಕ್ಕೇ ಇಲ್ಲ. ನೀವು ಬರೋಕ್ಕಿಂತ ಏಳು ವಾರ ಮೊದಲೇ ಅದು ಊರಾಗ ಇತ್ತು."

ಹಂಚಿನ ಮೇಲಿದ್ದ ರೊಟ್ಟಿ ಕಪ್ಪಾಗತೊಡಗಿತು. ತಾಯಮ್ಮ ಅದನ್ನು ತೆಗೆದು ಪಕ್ಕಕ್ಕಿಟ್ಟಳು. ಅಳುತ್ತಾಳೆಂದು ಭಾರತಿ ಕಾದಳು. ಅಳಲಿಲ್ಲ.

"ಊರಿಗೆಲ್ಲ ಬಂದು ನನಗೊಬ್ಬಾಕಿಗೆ ಯಾಕ ಬರ್ಲಿಲ್ಲ?"

"ಆ ಸೊಳ್ಳಿ ಬಾಳ ದೂರ ಹಾರಂಗಿಲ್ಲ. ಜ್ವರ ಇದ್ದವರನ್ನ ಕಡಿದು, ಆಮೇಲೆ ಹತ್ತಿರ ಇದ್ದವರನ್ನ ಕಡೀತದ. ನಿಮ್ಮ ಮನಿಗೆ ಯಾರೂ ಬರ್ಲಿಲ್ಲ. ನೀವೂ ಎಲ್ಲೂ ಹೋಗ್ಲಿಲ್ಲ."

"ಹಂಗಾರ ಉಪಕಾರ ಮಾಡ್ಯಾರ ಅನ್ರಿ," ಅಂದಳು ತಾಯಮ್ಮ. ನಕ್ಕಳೋ ಏನೋ, ತಿಳಿಯಲಿಲ್ಲ. ಆಮೇಲೆ ಕೇಳಿದಳು: "ಮತ್ತ ತಂದವರು ಯಾರು?"

"ಅದನ್ನ ನಾ ಹೇಳಂಗಿಲ್ಲ."

"ಹೇಳಬ್ಯಾಡ್ರಿ. ಅವ್ರನ್ನೂ ನನ್ನಂಗ ಮಾಡ್ತಾರ." ಮತ್ತೊಂದು ಉಂಡೆ ಹಿಟ್ಟು ತೆಗೆದುಕೊಂಡಳು. "ಯಾರಿಗೂ ಆಗಬಾರ್ದು ಅದು."

ಅದೇ ದಿನ ಮೂರು ಗಂಟೆಗೆ ಗೌಡರು ಶಾಲೆಗೆ ಬಂದರು. ಶಾಹೀನಾ ಚೀಟಿ ಹಂಚಲು ಹೋಗಿದ್ದಳು. ಗೌಡರು ಮಕ್ಕಳ ಬೆಂಚಿನ ಮೇಲೆ ಕಷ್ಟಪಟ್ಟು ಕೂತರು.

"ಚೀಟ್ಯಾಗ ಗುರುತು ಐತಿ ಅಂತ ಬರದೀರಿ. ನನಗ ಜ್ವರ ಬಂದಿಲ್ಲಲ್ರಿ."

"ಮೈ ಬಿಸಿ ಆಗದೇನೂ ಬಂದು ಹೋಗ್ತದ ಗೌಡ್ರ. ಈ ಊರಾಗ ಹೆಚ್ಚಿನವರಿಗೆ ಹಂಗೇ ಆಗೇದ."

"ಯಾವಾಗ?"

ತನ್ನ ತಾರೀಖನ್ನು ಕೇಳುವ ಹಕ್ಕು ರಕ್ತ ಕೊಟ್ಟವರಿಗೆ ಇತ್ತು. ಅದೂ ನಿಯಮವೇ.

"ಕಾರಹುಣ್ಣಿಮೆ ವಾರ."

ಗೌಡರು ಬೆರಳು ಮಡಚಿದರು. "ಕಾರಹುಣ್ಣಿಮೆ ಹಿಂದಿನ ದಿನ ನಮ್ಮ ತಂಗಿ ಮೊಮ್ಮಗನ ಮದುವಿ ಮುಗಿಸ್ಕೊಂಡು ದಂಡಿಯಿಂದ ಬಂದಿದ್ದೆ. ತಾಯಮ್ಮ ಬಂದಿದ್ದು ಪಂಚಮಿಗೆ." ಬೆರಳು ಮತ್ತೆ ಬಿಚ್ಚಿದರು, ಮತ್ತೆ ಮಡಚಿದರು. "ನನಗಿಂತ ಮೊದ್ಲ ಯಾರಿಗರ ಬಂದಿತ್ತೇನ್ರಿ?"

"ಬೇರೆಯವರದ್ದು ಹೇಳಾಕ ಬರಂಗಿಲ್ಲ."

ಅವರು ಅವಳ ಮುಖ ನೋಡಿದರು. ಹದಿನೆಂಟು ವರ್ಷದಿಂದ ಜನರಿಗೆ ಫಲಿತಾಂಶ ಹೇಳುತ್ತ ಬಂದಿದ್ದ ಭಾರತಿಗೆ ಮುಖ ಬಿಗಿಹಿಡಿಯುವುದು ಚೆನ್ನಾಗಿ ಗೊತ್ತಿತ್ತು. ಆ ಹೊತ್ತಿಗೆ ಕೈಲಾಗಲಿಲ್ಲ.

"ಗುರುಬಸಮ್ಮಗ ನನ್ನಿಂದನ ಬಂತೇನು?"

"ಸೊಳ್ಳಿಯಿಂದ ಬಂತು. ಇದು ಯಾರ ತಪ್ಪೂ ಅಲ್ಲ ಗೌಡ್ರ. ನೀವು ಯಾರಿಗೂ ಹೇಳಬೇಕಾಗಿಲ್ಲ. ನಾನಂತೂ ಹೇಳಂಗಿಲ್ಲ."

ಗೌಡರು ಎದ್ದರು. ಬಾಗಿಲ ಚೌಕಟ್ಟನ್ನು ಹಿಡಿದುಕೊಂಡು ಹೊಸ್ತಿಲು ದಾಟಿ ಹೋದರು.

ಮರುದಿನ ಶಾಲೆಯ ಅಂಗಳದಲ್ಲಿ ಊರು ಸೇರಿತು. ಫಲಿತಾಂಶವನ್ನು ಜನರಿಗೆ ಹೇಳಿಯೇ ಹೊರಡಬೇಕೆಂಬುದು ಭಾರತಿ ಮಾಡಿಕೊಂಡಿದ್ದ ನೇಮ. ಅವಳು ಕರೆದಿದ್ದಕ್ಕೆ ತಾಯಮ್ಮನೂ ಬಂದಿದ್ದಳು. ಎಲ್ಲರಿಂದ ದೂರ, ಬಿಸಿಲಲ್ಲಿ, ಕಾಂಪೌಂಡಿನ ಗೋಡೆಗೆ ಒರಗಿ ನಿಂತಿದ್ದಳು. ಭಾರತಿ ಅಂಕಿಗಳನ್ನು ಹೇಳಿದಳು. ನೂರಕ್ಕೆ ಎಪ್ಪತ್ತೆಂಟು ಎಂದಾಗ ಜನ ಒಬ್ಬರ ಮುಖ ಒಬ್ಬರು ನೋಡಿದರು. ಉಳಿದ ನೂರ ಎಂಬತ್ತೊಂಬತ್ತು ಜನರಿಗೆ ತಿಂಗಳೊಪ್ಪತ್ತಿನಲ್ಲಿ ಲಸಿಕೆ ಬರುತ್ತದೆ ಅಂದಳು. ತಾಯಮ್ಮ ಒಪ್ಪಿದ್ದರಿಂದ ಅವಳ ವಿಷಯವನ್ನೂ ಹೇಳಿದಳು: ಆಕೆಗೆ ಈ ಜ್ವರ ಬಂದಿಲ್ಲ, ಆಕೆ ತಂದಿಲ್ಲ.

ಗುಜುಗುಜು ಎದ್ದಿತು. ಹಿಂದಿನಿಂದ ಯಾರೋ ಕೂಗಿದರು: "ಹಂಗಾರ ತಂದವ್ರು ಯಾರು? ಹೆಸರು ಹೇಳ್ರಿ!"

ಭಾರತಿ ಬಾಯಿ ತೆರೆಯುವಷ್ಟರಲ್ಲಿ ಅಮರೇಗೌಡರು ಎದ್ದು ನಿಂತರು. ಅವರ ದನಿ ಮೊದಲು ಹೊರಡಲಿಲ್ಲ. ಕೆಮ್ಮಿ ಸರಿಮಾಡಿಕೊಂಡರು.

"ನಾನು. ಕಾರಹುಣ್ಣಿಮೆಗೆ ಮದುವಿ ಮುಗಿಸ್ಕೊಂಡು ಬಂದೆನಲ್ಲ, ಅವಾಗ ತಂದೆ. ನನಗ ಗೊತ್ತಾಗಲಿಲ್ಲ. ನಮ್ಮ ಮನಿಯಾಕಿನ್ನ ನಾನ ಕಳಕೊಂಡೆ. ನಿಮ್ಮ ಮಂದಿನೂ." ಅಷ್ಟು ಹೇಳಿ ಕೂತುಬಿಟ್ಟರು.

ಎಪ್ಪತ್ತು ವರ್ಷದ ಮುದುಕನಿಗೆ ಇವರು ಏನು ಮಾಡುತ್ತಾರೋ, ತಾನು ನಿನ್ನೆ ಬಾಯಿ ಬಿಡಬಾರದಿತ್ತೋ ಏನೋ ಎಂದು ಭಾರತಿಯ ತಲೆ ಓಡುತ್ತಿತ್ತು.

ಮೊದಲು ಮಾತಾಡಿದವಳು ಹಸುಗೂಸನ್ನು ಕಳೆದುಕೊಂಡಿದ್ದ ಒಬ್ಬ ಹೆಣ್ಣುಮಗಳು.

"ಪಾಪ, ಗೌಡ್ರಿಗೇನ್ ಗೊತ್ತಿತ್ತು?"

"ಹೌದಲ್ಲ," ಅಂದ ಇನ್ನೊಬ್ಬ. "ಬೇಕಂತ ತಂದಾರೇನು?"

"ಜ್ವರ ಅಂದ್ರ ಹಂಗ. ಯಾರಿಗ್ಯಾರು ತರ್ತಾರ, ದೇವರಿಗೇ ಗೊತ್ತು."

"ಹೆಣ್ತಿನೂ ಹೋದ್ಳಲ್ಲೋ ಪಾಪ. ನೀರು ಕೊಡ್ರಿ ಅವ್ರಿಗೆ."

ಯಾರೋ ಚೊಂಬು ತಂದರು. ಒಬ್ಬ ಗೌಡರ ಹೆಗಲ ಮೇಲೆ ಕೈಯಿಟ್ಟ. ಭಾರತಿ ನಿರಾಳವಾಗಿ ಗೋಡೆಯ ಕಡೆ ನೋಡಿದಳು. ತಾಯಮ್ಮ ಅಲ್ಲಿ ಇರಲಿಲ್ಲ.

ಅವಳು ಸಿಕ್ಕಿದ್ದು ಮನೆಯ ಅಂಗಳದಲ್ಲಿ. ಕಟ್ಟೆಯ ಮೇಲೆ ಕೈ ಚೆಲ್ಲಿ ಕೂತಿದ್ದಳು. ಹಿಂದಿನ ದಿನ ಅಳದವಳ ಮುಖ ಪೂರ್ತಿ ಒದ್ದೆಯಾಗಿತ್ತು.

"ಅಷ್ಟ ಡಾಕ್ಟ್ರಮ್ಮ," ಅಂದಳು. "ಗೊತ್ತಿರ್ಲಿಲ್ಲ ಪಾಪ ಅಂದ್ರು. ಅಷ್ಟ ಮಾತು. ನನಗ ಯಾರರ ಒಬ್ರು ಅಂದಿದ್ರ ಸಾಕಾಗಿತ್ತು."

ಭಾರತಿ ಪಕ್ಕದಲ್ಲಿ ಕೂತಳು. ಸ್ವಲ್ಪ ಹೊತ್ತಿಗೆ ಗೌಡರೇ ಹುಲ್ಲು ತುಳಿದುಕೊಂಡು ಬಂದರು. ಅಂಗಳದ ಅಂಚಿನಲ್ಲಿ ನಿಂತು, ತಲೆಯ ರುಮಾಲು ತೆಗೆದು ಕೈಯಲ್ಲಿ ಹಿಡಿದುಕೊಂಡರು.

"ತಾಯಮ್ಮ, ತಪ್ಪಾಗೇತವ್ವ."

ತಾಯಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. "ಜ್ವರ ತಂದಿದ್ದು ನಿಮಗ ಗೊತ್ತಿರ್ಲಿಲ್ರಿ ಗೌಡ್ರ. ಅದಕ್ಕ ನಿಮ್ಮನ್ನ ನಾ ಏನೂ ಅನ್ನಂಗಿಲ್ಲ. ನನ್ನನ್ನ ಬಾವಿಗೆ ಬರಬ್ಯಾಡ ಅಂದಿದ್ದು ಗೊತ್ತಿತ್ತಲ್ರಿ."

ಗೌಡರು ರುಮಾಲನ್ನು ಕೈಯಲ್ಲೇ ಹಿಡಿದು ತಿರುಗಿ ಹೋದರು. ಮರುದಿನ ಬೆಳಗ್ಗೆ ಭಾರತಿ ಹೊರಡುವಾಗ ತಾಯಮ್ಮನ ಬಾಗಿಲಲ್ಲಿ ಆರೇಳು ಹೆಂಗಸರಿದ್ದರು. ಒಬ್ಬಳ ಕೈಯಲ್ಲಿ ಮೊಸರಿನ ಗಡಿಗೆ, ಒಬ್ಬಳ ಕಂಕುಳಲ್ಲಿ ಕೂಸು. ಎಲ್ಲರೂ ಒಟ್ಟಿಗೇ ಮಾತಾಡುತ್ತಿದ್ದರು. ಒಳ್ಳೆಯದಾಯಿತು ಅಂದಳು ಶಾಹೀನಾ. ಭಾರತಿಯೂ ಹಾಗೇ ಅಂದುಕೊಂಡಳು.

ವರದಿ ಹೋಯಿತು. ಲಸಿಕೆ ಒಂದು ತಿಂಗಳ ಬದಲು ಮೂರು ತಿಂಗಳಿಗೆ ಬಂತು. ಅಷ್ಟರೊಳಗೆ ಭಾರತಿ ಇನ್ನೆರಡು ನಡುಗಡ್ಡೆ ಮುಗಿಸಿದ್ದಳು. ಏಪ್ರಿಲ್ ತಿಂಗಳಲ್ಲಿ, ಲಸಿಕೆ ಹಿಡಿದಿದೆಯೇ ಎಂದು ನೋಡುವ ಎರಡನೆಯ ಸುತ್ತಿಗೆ ಹಂಚಿನಗಡ್ಡೆಗೆ ಮತ್ತೆ ಬಂದಾಗ ಒಂದನೆಯ ನಂಬರಿನ ಮನೆಗೆ ಬೀಗವಿತ್ತು.

"ಸಂಕ್ರಾಂತಿ ಆದ ಮ್ಯಾಲ ಹ್ವಾದ್ಳು," ಅಂದಳು ಬಾವಿಯ ಹತ್ತಿರ ಸಿಕ್ಕ ಹೆಂಗಸು. "ಆಚಿ ದಂಡಿಗೆ, ಅಕ್ಕನ ಊರಿಗೆ. ನಾವ್ಯಾರೂ ಹೋಗಂದಿಲ್ಲ ಮೇಡಂ. ಇರು ಅಂತ ಊರ ಮಂದಿ ಎಲ್ಲಾ ಕೈ ಮುಗಿದ್ವಿ. ಗೌಡ್ರು ಹೊಸ ಹರಗೋಲು ಕೊಡಸ್ತೀನಿ ಅಂದ್ರು. ಕೇಳಲಿಲ್ಲ."

ಭಾರತಿಯ ಫಾರಮಿನಲ್ಲಿ ಅದಕ್ಕೊಂದು ಕಾಲಮು ಇತ್ತು: ವಲಸೆ. ಗುರುತು ಹಾಕಿ ಮುಂದಿನ ಮನೆಗೆ ಹೋಗಬಹುದಿತ್ತು. ಆದರೆ ಅವಳು ಮೂರು ದಿನದ ಕೆಲಸ ಮುಗಿಸಿ, ಜೀಪನ್ನು ಬಳಸುದಾರಿಯಲ್ಲಿ ಆ ಊರಿಗೆ ತಿರುಗಿಸಲು ಹೇಳಿದಳು.

ತಾಯಮ್ಮ ಅಕ್ಕನ ಮನೆಯ ಜಗಲಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದಳು. ಮೈ ಸ್ವಲ್ಪ ತುಂಬಿಕೊಂಡಿತ್ತು. ಭಾರತಿಯನ್ನು ನೋಡಿ ಎದ್ದು ನೀರು ತಂದಳು, ಶಾಹೀನಾಳ ಕುಶಲ ಕೇಳಿದಳು. ಲಸಿಕೆ ಇಲ್ಲಿಯ ಆರೋಗ್ಯ ಕೇಂದ್ರದಲ್ಲೇ ಹಾಕಿಸಿಕೊಂಡೆ ಅಂದಳು.

"ಯಾಕ ಬಂದುಬಿಟ್ರಿ ತಾಯಮ್ಮ? ಮತ್ತೇನಾದ್ರೂ ಅಂದ್ರೇನು?"

"ಇಲ್ಲರಿ. ಛಲೋ ಮಂದಿ ಅವ್ರು. ದಿನಾ ಬಂದು ಮಾತಾಡ್ಸತಿದ್ರು. ಹಬ್ಬಕ್ಕ ಕರೀತಿದ್ರು." ಕೈಯ ಖಾರವನ್ನು ಸೆರಗಿಗೆ ಒರೆಸಿಕೊಂಡಳು. "ಬಂದಾಗೊಮ್ಮೆ ನನಗ ಆ ವರ್ಷ ನೆನಪಾಗ್ತಿತ್ರಿ. ಅವ್ರಿಗೆ ಆಗ್ತಿರ್ಲಿಲ್ಲ."

ಭಾರತಿ ಸೂಜಿಯ ಡಬ್ಬಿ ತೆಗೆದಳು. ತಾಯಮ್ಮ ಎದುರಿಗೆ ಕೂತು, ಕೇಳುವ ಮೊದಲೇ ಬೆರಳು ಚಾಚಿದಳು. ಭಾರತಿ ಒಂದು ಹನಿ ರಕ್ತ ತೆಗೆದುಕೊಂಡು, ಹತ್ತಿ ಒತ್ತಿ, ಆ ಕೈಯನ್ನು ಸ್ವಲ್ಪ ಹೊತ್ತು ಹಾಗೇ ಹಿಡಿದುಕೊಂಡಳು.